ಅಳತೆಗೆ ನಿಂತವಳು

ಮನೆಯಿಂದ, ಹಿಂದಿನ ಕೋಣೆಯ ಕಿಟಕಿ ಪಕ್ಕ
ಶನಿವಾರ, ಮಾರ್ಚ್ ಹದಿನೈದು

ಪ್ರೀತಿಯ ತಮ್ಮಾ,

ಪ್ರೀತಿಯ ಎಂದು ಬರೆದದ್ದು ಕಾಗದದ ಮರ್ಯಾದೆಗೆ. ಸದ್ಯಕ್ಕೆ ನಿನ್ನ ಮೇಲೆ ಪ್ರೀತಿಗಿಂತ ಸಿಟ್ಟೇ ಒಂದು ಕೈ ಮೇಲು. ಮೊದಲು ಹೇಗಿದ್ದೀಯ ಎಂದು ಕೇಳಬೇಕು, ವಾಡಿಕೆ ಹಾಗಿದೆ. ಕೇಳಿದರೆ ನೀನು 'ಗುಂಡುಕಲ್ಲಿನ ಹಾಗಿದೀನಿ ಅಕ್ಕಾ' ಅನ್ನುತ್ತೀ. ಅದಕ್ಕೇ ನಿನ್ನ ಆರೋಗ್ಯ ಹೇಗಿದೆ ಎಂದು ನಾನೇ ಹೇಳುತ್ತೇನೆ, ಕೇಳು. ಕಾಲು ಊದಿಕೊಂಡು ಚಪ್ಪಲಿಯ ಪಟ್ಟಿ ಕೂಡುತ್ತಿಲ್ಲ. ನಿದ್ದೆಯಲ್ಲಿ ನಿನ್ನ ಗೊರಕೆ ನಿಂತಾಗ ಉಸಿರೂ ನಿಲ್ಲುತ್ತದೆ. ನಿನ್ನ ಹೆಂಡತಿ ಎದ್ದು ಕೂತು, ಕೆಟ್ಟು ನಿಂತ ಗಾಡಿಯನ್ನು ತಳ್ಳಿ ಶುರು ಮಾಡುವ ಹಾಗೆ, ತಿವಿದು ತಿವಿದು ಅದನ್ನು ಮತ್ತೆ ಶುರು ಮಾಡುತ್ತಾಳೆ. ಹಗಲು ಸ್ಟೀರಿಂಗ್ ಹಿಡಿದರೆ ಕಣ್ಣು ಎಳೆಯುತ್ತದೆ. ಹೋದ ತಿಂಗಳು ಗೋದಾಮಿನ ಗೇಟಿಗೆ ಲಾರಿ ಗುದ್ದಿ, ಯಜಮಾನನಿಗೆ 'ಬ್ರೇಕ್ ಹಿಡೀಲಿಲ್ಲ ಸಾರ್' ಎಂದು ಕತೆ ಕಟ್ಟಿ ಬಂದಿದ್ದೀ. ಬ್ರೇಕ್ ಸರಿಯಾಗಿಯೇ ಇತ್ತು, ನೀನು ನಿದ್ದೆ ಹೋಗಿದ್ದೆ. ಆ ಗೇಟಿನ ಹತ್ತಿರ ಆಗ ಯಾರೂ ನಿಂತಿರಲಿಲ್ಲ ಎನ್ನುವುದು ಅದೃಷ್ಟವೇ ಹೊರತು ನಿನ್ನ ಜಾಣತನ ಅಲ್ಲ. ಹೊಟ್ಟೆಯ ಆಪರೇಷನ್ ಮಾಡಿಸಿಕೊಂಡು ತೂಕ ಇಳಿಸದಿದ್ದರೆ ಒಂದು ದಿನ ನಿದ್ದೆಯಿಂದ ಏಳುವುದೇ ಇಲ್ಲ ಎಂದು ನಿಮ್ಮೂರಿನ ಡಾಕ್ಟರು ನಿನ್ನ ಮುಖಕ್ಕೇ ಹೇಳಿದ್ದಾರೆ. ನೀನು 'ಅಷ್ಟು ಸುಖವಾದ ಸಾವು ಯಾರಿಗುಂಟು ಡಾಕ್ಟ್ರೇ' ಎಂದು ಹಲ್ಲು ಬಿಟ್ಟು ಎದ್ದು ಬಂದೆಯಂತೆ. ಇಷ್ಟು ನಿನ್ನ ಕ್ಷೇಮಸಮಾಚಾರ. ತಪ್ಪಿದ್ದರೆ ತಿದ್ದು.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿನ್ನ ಫೋನಿನ ಚಾಳಿ ನನಗೆ ಗೊತ್ತಿಲ್ಲವೇ? ನಾನು ಬಾಯಿ ತೆರೆಯುವಷ್ಟರಲ್ಲಿ ಒಂದು ಜೋಕು ಹೊಡೆಯುತ್ತೀ, ಆಮೇಲೆ ಸಿಗ್ನಲ್ ಸಿಗುತ್ತಿಲ್ಲ ಅನ್ನುತ್ತೀ, ಅದಕ್ಕೂ ಜಗ್ಗದಿದ್ದರೆ ಫೋನನ್ನು ಹೆಂಡತಿಯ ಕೈಗೆ ತುರುಕಿ ಬಚ್ಚಲುಮನೆ ಸೇರುತ್ತೀ. ಅಷ್ಟು ದೊಡ್ಡ ಮೈ ಇಟ್ಟುಕೊಂಡು ಅಷ್ಟು ಬೇಗ ನುಣುಚಿಕೊಳ್ಳುವುದನ್ನು ನಿನ್ನಿಂದಲೇ ಕಲಿಯಬೇಕು. ಕಾಗದದ ಹತ್ತಿರ ಆ ಆಟ ನಡೆಯುವುದಿಲ್ಲ. ಸರಕು ಇಳಿಸುವವರೆಗೂ ಕ್ಯಾಬಿನ್ನಿನಲ್ಲಿ ಬಿದ್ದಿರುತ್ತೀಯಲ್ಲ, ಆಗ ಓದು. ಅದೇ ಆಪರೇಷನ್ ಆಗಿ ನನಗೆ ಒಂಬತ್ತು ತಿಂಗಳಾಗುತ್ತ ಬಂತು. ಇಷ್ಟು ದಿನದಲ್ಲಿ ನೀನು ಕೇಳಿದ್ದು ಒಂದೇ ಪ್ರಶ್ನೆ: 'ಈಗ ಯಾವ ಸೈಜಿಗೆ ಬಂದೆ ಅಕ್ಕಾ?' ನೋವಾಯಿತಾ, ಹೆದರಿದೆಯಾ, ಏನು ತಿನ್ನುತ್ತಿದ್ದೀ, ಒಂದೂ ಇಲ್ಲ. ಕೇಳಿದರೆ ಎಲ್ಲಿ ಉತ್ತರ ಬಂದುಬಿಡುತ್ತದೋ ಎಂದು ಭಯ. ನೀನು ಕೇಳದಿದ್ದರೇನು, ನನಗೆ ಬಾಯಿಲ್ಲವೇ?

ಮೊದಲು ನನ್ನನ್ನು ಕೊಯ್ದ ಹೊಟ್ಟೆ ಡಾಕ್ಟರ ವಿಷಯ. ಕೋಣೆ ತುಂಬ ತಣ್ಣಗೆ, ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಒಂದು ಜಠರ, ಮಕ್ಕಳ ಆಟದ ಸಾಮಾನಿನ ಹಾಗೆ ಬಿಚ್ಚಿ ಜೋಡಿಸುವಂಥದ್ದು. ಅವರು ನನ್ನ ಮುಖವನ್ನು ಎರಡು ಸಲ ನೋಡಿರಬಹುದು; ಉಳಿದ ಮಾತನ್ನೆಲ್ಲ ಆ ಪ್ಲಾಸ್ಟಿಕ್ಕಿನ ಜೊತೆಯೇ ಆಡಿದರು. ಜಠರದ ಮುಕ್ಕಾಲು ಪಾಲು ಕತ್ತರಿಸಿ ತೆಗೆದು, ಉಳಿದದ್ದನ್ನು ಬಾಳೆಹಣ್ಣಿನ ಗಾತ್ರದ ಕೊಳವೆ ಮಾಡುವುದಂತೆ. 'ಹೇಗೆ ಹೊಲೀತೀರಿ?' ಎಂದು ಕೇಳಿದೆ. ಹೊಲಿಗೆಯವಳು, ಅದೇ ತಾನೇ ಬರುವುದು ನನಗೆ! 'ಹೊಲಿಗೆ ಅಲ್ಲಮ್ಮ, ಸ್ಟೇಪಲ್' ಅಂದರು. ಮೂವತ್ತು ವರ್ಷ ಗುಂಡಿ ತೂರುವ ಕಾಜಾ ಹೊಲಿದ ಕೈ ನನ್ನದು. ನನ್ನ ಒಳಗನ್ನು ಇವರು ಆಫೀಸಿನ ಕಾಗದದ ಹಾಗೆ ಪಿನ್ನು ಹೊಡೆದು ಮುಚ್ಚುತ್ತಾರೆ ಎಂದು ಕೇಳಿ ಮೈಯೆಲ್ಲ ಉರಿಯಿತು. ಅವರ ಪಕ್ಕದ ಕೋಣೆಯಲ್ಲಿ ಮನಸ್ಸಿನ ಮೇಡಂ. ಆಪರೇಷನ್ನಿಗೆ ಮೊದಲು ಅವರ ಹತ್ತಿರ ಕೂತು ಬರಬೇಕಂತೆ. ದನಿ ತಗ್ಗಿಸಿ, ತಲೆ ಓರೆ ಮಾಡಿ, 'ಚಿಕ್ಕಂದಿನಲ್ಲಿ ಯಾರಾದ್ರೂ ನಿಮ್ಮನ್ನ ಪ್ರೀತಿಸ್ಲಿಲ್ಲ ಅಂತ ಅನ್ನಿಸಿತ್ತಾ?' ಎಂದು ಕೇಳಿದರು. ಎಲ್ಲರೂ ಪ್ರೀತಿಸಿದರು ಮೇಡಂ, ಪ್ರೀತಿಸಿ ಪ್ರೀತಿಸಿ ತಟ್ಟೆ ತುಂಬಿದರು, ಅದೇ ತೊಂದರೆಯಾದದ್ದು ಅಂದೆ. ಅವರಿಗೆ ನಿರಾಸೆಯಾಯಿತು. ದುಃಖದ ಕತೆಗಾಗಿ ಕಾಗದದ ಕರವಸ್ತ್ರದ ಡಬ್ಬಿಯನ್ನೇ ಮುಂದೆ ತಳ್ಳಿ ಇಟ್ಟಿದ್ದರು ಪಾಪ.

ಇನ್ನು ಯಾಕೆ ಮಾಡಿಸಿಕೊಳ್ಳುತ್ತೀ ಎಂದು ಕೇಳದವರೇ ಇಲ್ಲ. ನಾನು ಅವರವರಿಗೆ ರುಚಿಸುವ ಉತ್ತರ ಕೊಟ್ಟು ಕಳಿಸಿದೆ. ಡಾಕ್ಟರಿಗೆ ಮಂಡಿ ನೋವು ಅಂದೆ, ಬರೆದುಕೊಂಡರು. ಎದುರುಮನೆಯವಳಿಗೆ ಚೆನ್ನಾಗಿ ಕಾಣಬೇಕು ಅಂದೆ. ಅವಳು ಆ ಮಾತನ್ನು ನಂಬಿದ್ದಷ್ಟೇ ಅಲ್ಲ, ಇಡೀ ಬೀದಿಗೆ ಹಂಚಿ ಬಂದಳು. ನಿನ್ನ ಭಾವನಿಗೆ ಸಕ್ಕರೆ ಕಾಯಿಲೆ ಅಂದೆ. ಅದು ಸುಳ್ಳಲ್ಲ, ಮಾತ್ರೆ ಎರಡರಿಂದ ನಾಲ್ಕಕ್ಕೆ ಏರಿತ್ತು. ಅವರು ಅಂಗಡಿಯಲ್ಲಿ ಗಡಿಯಾರ ಬಿಚ್ಚಿ ಕೂತಿದ್ದವರು ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗಾಜನ್ನು ಕೂಡ ತೆಗೆಯದೆ ನನ್ನನ್ನು ನೋಡಿ, 'ಒಳಗಿನ ಭಾಗ ಒಂದು ಸಲ ತೆಗೆದ್ರೆ ವಾಪಸ್ ಕೂರಿಸೋಕಾಗಲ್ಲ ಕಣೇ' ಅಂದರು. ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ಅವರು ಆಡಿದ ಅತ್ಯಂತ ದೊಡ್ಡ ಪ್ರೇಮದ ಮಾತು ಅದು. ಮತ್ತೆ ಗಡಿಯಾರಕ್ಕೆ ಬಗ್ಗಿದರು.

ಆಪರೇಷನ್ನಿಗೆ ಮೊದಲ ಎರಡು ವಾರ ಬರೀ ನೀರುನೀರಾದದ್ದು ಕುಡಿದಿರಬೇಕು. ಯಕೃತ್ತು ಕುಗ್ಗಬೇಕಂತೆ, ಅವರ ಕೈಗೆ ಜಾಗ ಬೇಕಂತೆ. ಅದಕ್ಕೊಬ್ಬರು ಆಹಾರದ ಮೇಡಂ. ಕಡ್ಡಿಯ ಹಾಗಿದ್ದಾರೆ, ಬಟ್ಟೆಯ ಒಳಗೆ ಮೈ ಇದೆಯೋ ಹ್ಯಾಂಗರ್ ಇದೆಯೋ ಎಂದು ಹೇಳುವುದು ಕಷ್ಟ. ಒಂದೊಂದು ತುತ್ತನ್ನೂ ಮೂವತ್ತು ಸಲ ಅಗಿಯಬೇಕು, ಊಟದ ಜೊತೆ ನೀರು ಕುಡಿಯಬಾರದು, ತಿನ್ನುವಾಗ ಮನಸ್ಸು ತಟ್ಟೆಯ ಮೇಲಿರಬೇಕು ಎಂದು ನನ್ನ ತಲೆ ತಿನ್ನುತ್ತಲೇ ಎಡಗೈಯಲ್ಲಿ ಒಂದು ಸ್ಯಾಂಡ್‌ವಿಚ್ಚನ್ನು ನಾಲ್ಕು ಕಚ್ಚಿನಲ್ಲಿ ನುಂಗಿ, ಮೇಲೆ ಅರ್ಧ ಬಾಟಲಿ ನೀರು ಸುರಿದುಕೊಂಡರು. ಎರಡು ವಾರದ ಉಪವಾಸದ ಹೊಟ್ಟೆಯಲ್ಲಿ ನಾನು ಅದನ್ನು ನೋಡುತ್ತ ಕೂತಿದ್ದೆ. ಅವತ್ತು ಅವರ ಜುಟ್ಟು ಹಿಡಿಯದೆ ಎದ್ದು ಬಂದದ್ದಕ್ಕೆ ನನಗೆ ಯಾರಾದರೂ ಒಂದು ಬಿರುದು ಕೊಡಬೇಕಿತ್ತು.

ಹೆದರಿಕೆ ಆಯಿತಾ ಎಂದು ನೀನು ಕೇಳಲಿಲ್ಲ. ಆಯಿತು. ಗಾಲಿಮಂಚದ ಮೇಲೆ ಮಲಗಿಸಿ ತಳ್ಳಿಕೊಂಡು ಹೋಗುವಾಗ ಮೇಲೆ ಬರೀ ಟ್ಯೂಬ್‌ಲೈಟು ಕಾಣುತ್ತದೆ, ಒಂದಾದ ಮೇಲೊಂದು. ನನ್ನ ತೂಕಕ್ಕೆ ಆ ಮಂಚದ ಒಂದು ಗಾಲಿ ಕಿರ್ರೆನ್ನುತ್ತಿತ್ತು; ತಳ್ಳುವವರಿಬ್ಬರೂ ನನಗೆ ಕಿವಿಯೇ ಇಲ್ಲವೇನೋ ಎನ್ನುವ ಹಾಗೆ 'ಉಸ್ಸಪ್ಪಾ' ಅಂದುಕೊಂಡು ನಕ್ಕರು. ಇಂಥವರ ನಡುವೆ ಸತ್ತರೆ ಎಷ್ಟು ಅವಮಾನ ಎಂದು ಅನ್ನಿಸಿ, ಆ ಹಟಕ್ಕೇ ಉಸಿರು ಗಟ್ಟಿ ಹಿಡಿದುಕೊಂಡೆ. ಭಯ ಹೋಗಲಿಲ್ಲ. ಆ ಟ್ಯೂಬ್‌ಲೈಟುಗಳನ್ನೇ ಎಣಿಸುತ್ತ ಮಲಗಿದ್ದೆ. ಎಚ್ಚರವಾದಾಗ ಹೊಟ್ಟೆಯ ಮೇಲೆ ಐದು ಸಣ್ಣ ತೂತು, ಅದಕ್ಕೆ ಪಟ್ಟಿ, ಮತ್ತೆ ಭುಜದಲ್ಲಿ ಪ್ರಾಣ ಹೋಗುವಂಥ ನೋವು. ಹೊಟ್ಟೆ ಕೊಯ್ದರೆ ಭುಜ ಯಾಕೆ ನೋಯಬೇಕು? ಒಳಗೆ ಗಾಳಿ ತುಂಬಿ ಊದಿಸಿರುತ್ತಾರಂತೆ, ಅದು ಮೇಲೆ ಬಂದು ಕೂರುತ್ತದಂತೆ. ಮೊದಲೇ ಹೇಳಬಾರದಿತ್ತೇ ಎಂದರೆ, ಅವರು ಕೊಟ್ಟ ಪುಸ್ತಿಕೆಯಲ್ಲಿ ಇದೆಯಲ್ಲ ಎಂದು ನರ್ಸು ನನ್ನನ್ನೇ ಗದರಿಸಿದಳು. ವಾರ್ಡಿನ ಆಯಾ ಒಬ್ಬಳು, ನಾನು ಮೊದಲಿದ್ದಷ್ಟೇ ದಪ್ಪ, ಬಂದು ನನ್ನ ಕಂಕುಳಿಗೆ ಕೈ ಕೊಟ್ಟು, 'ಏಳಿ ಅಕ್ಕ, ನಡೆದ್ರೆ ಗಾಳಿ ಹೋಗುತ್ತೆ' ಎಂದು ಕಾರಿಡಾರಿನಲ್ಲಿ ಆ ತುದಿಗೂ ಈ ತುದಿಗೂ ಓಡಾಡಿಸಿದಳು. ನಾನು ಅವಳನ್ನು ಬೈದೆ. ಅವಳು ತಿರುಗಿ ಬೈದಳು. ಇಬ್ಬರಿಗೂ ಸಮಾಧಾನವಾಯಿತು.

ಅಲ್ಲಿಂದ ಮುಂದಿನದು ಬಾಣಂತನಕ್ಕಿಂತ ಕಡೆ. ಔಷಧಿ ಅಳೆಯುವ ಪುಟ್ಟ ಲೋಟದಲ್ಲಿ ನೀರು, ಗುಟುಕು ಗುಟುಕಾಗಿ, ದಿನವಿಡೀ ಅದೇ ಕೆಲಸ. ಆಮೇಲೆ ತೆಳ್ಳಗಿನ ಸೂಪು, ಆಮೇಲೆ ಮಗುವಿಗೆ ತಿನ್ನಿಸುವಂತೆ ನುಣ್ಣಗೆ ಅರೆದದ್ದು. ಸುಣ್ಣದ ರುಚಿಯ ಒಂದು ಪುಡಿ ಹಾಲಿಗೆ ಹಾಕಿ ಕುಡಿಯಬೇಕು. ಡಬ್ಬಿಯ ಮೇಲೆ ಮಾತ್ರ ಮಾವಿನಹಣ್ಣಿನ ಚಿತ್ರ. ಮೊದಲ ಸಲ ಬೇಯಿಸಿದ ಮೊಟ್ಟೆ ಕೊಟ್ಟಾಗ ಹಳೆಯ ಅಭ್ಯಾಸಕ್ಕೆ ಅರ್ಧ ಮೊಟ್ಟೆಯನ್ನು ಒಂದೇ ತುತ್ತು ಮಾಡಿದೆ. ಅದು ಎದೆಯಲ್ಲಿ ನಿಂತುಬಿಟ್ಟಿತು. ಬಾಯಿ ತುಂಬ ನೊರೆ, ಕಣ್ಣಲ್ಲಿ ನೀರು, ಸಿಂಕು ಹಿಡಿದು ಗೋಡೆಗೆ ಹಣೆ ಒತ್ತಿ ನಿಂತೆ. ನಿನ್ನ ಭಾವ ಹಿಂದೆ ನಿಂತು, ಏನು ಮಾಡಬೇಕೆಂದು ತಿಳಿಯದೆ, ಟವೆಲನ್ನು ಎಡಗೈಯಿಂದ ಬಲಗೈಗೆ, ಬಲಗೈಯಿಂದ ಎಡಗೈಗೆ ಬದಲಾಯಿಸುತ್ತಿದ್ದರು. ಅವತ್ತು ನಾನು ಗಟ್ಟಿಯಾಗಿ ಅತ್ತೆ. ಯಾವ ಸುಖಕ್ಕೆ ಇದನ್ನು ಮೈಮೇಲೆ ಎಳೆದುಕೊಂಡೆ ಎಂದು ಅತ್ತೆ. ಇದನ್ನು ನಿನಗೆ ಮುಚ್ಚಿಡುವುದಿಲ್ಲ. ಎಲ್ಲ ಹೂವಿನ ಹಾಸಿಗೆ ಎಂದು ಹೇಳುವವರು ಆಸ್ಪತ್ರೆಯ ಗೋಡೆಯ ಮೇಲಿನ ಫೋಟೋದವರು ಮಾತ್ರ.

ನಾಲ್ಕನೇ ತಿಂಗಳಿಗೆ ಕೂದಲು ಉದುರಿತು, ಬಾಚಣಿಗೆಯ ತುಂಬ. ಮತ್ತೆ ಬರುತ್ತಿದೆ, ಈಗ ಕಿವಿಯ ಮೇಲೆ ಕೋಳಿಮರಿಯ ಪುಕ್ಕದ ಹಾಗೆ ನಿಂತಿದೆ. ತೋಳಿನ ಚರ್ಮ ಜೋತು ಬಿದ್ದಿದೆ, ಕೈ ಬೀಸಿದರೆ ನನಗಿಂತ ಒಂದು ಕ್ಷಣ ತಡವಾಗಿ ಅದು ಬೀಸುತ್ತದೆ. ಚಳಿ ತಡೆಯುವುದಿಲ್ಲ. ಮರದ ಕುರ್ಚಿಯ ಮೇಲೆ ಕೂತರೆ ಮೂಳೆ ಒತ್ತುತ್ತದೆ; ನನಗೆ ಅಲ್ಲೊಂದು ಮೂಳೆ ಇದೆ ಎನ್ನುವುದೇ ಐವತ್ತೆರಡನೇ ವಯಸ್ಸಿನಲ್ಲಿ ತಿಳಿದದ್ದು. ಇನ್ನೊಂದು ಕಡೆಯದನ್ನೂ ಬರೆಯುತ್ತೇನೆ, ನಾನು ಸುಳ್ಳುಗಾತಿ ಅಲ್ಲ. ಸಕ್ಕರೆಯ ಮಾತ್ರೆ ಪೂರ್ತಿ ನಿಂತಿದೆ. ಮಹಡಿಯ ಮೆಟ್ಟಿಲನ್ನು ನಡುವೆ ನಿಲ್ಲದೆ ಹತ್ತುತ್ತೇನೆ. ಬೆನ್ನ ಮೇಲೆ ಮಲಗಿ, ಬೆಳಗಿನವರೆಗೆ ಒಂದೇ ನಿದ್ದೆ ಮಾಡುತ್ತೇನೆ. ಎಷ್ಟು ವರ್ಷವಾಗಿತ್ತು ಹಾಗೆ ಮಲಗಿ! ನೀನಂತೂ ಮರೆತೇಬಿಟ್ಟಿರಬೇಕು.

ಈಗ ನಗುವ ವಿಷಯಕ್ಕೆ ಬರುತ್ತೇನೆ, ಇಲ್ಲದಿದ್ದರೆ ನೀನು ಕಾಗದ ಮಡಚಿ ಸೀಟಿನ ಕೆಳಗೆ ಹಾಕುತ್ತೀ. ನಮ್ಮ ಕಾರ್ಖಾನೆ ಗೊತ್ತಲ್ಲ, ಆಸ್ಪತ್ರೆ, ಹೋಟೆಲು, ಕಾವಲುಗಾರರು, ಎಲ್ಲರ ಸಮವಸ್ತ್ರ ಹೊಲಿಯುವುದು. ನನ್ನ ಕೆಲಸ ಕಾಜಾ ಮತ್ತು ಗುಂಡಿ. ಅದರ ಜೊತೆಗೆ ಅತಿ ದೊಡ್ಡ ಸೈಜಿನ ಅಳತೆಗೆ ನಿಲ್ಲುವುದು. ಹೊಸ ಆರ್ಡರ್ ಬಂದಾಗಲೆಲ್ಲ ಕಟಿಂಗ್ ಮಾಸ್ಟರು ಮಾದರಿಯ ಕೋಟನ್ನು ನನ್ನ ಮೈಮೇಲೆ ಹಾಕಿ, ಅಲ್ಲಿ ಇಲ್ಲಿ ಪಿನ್ನು ಚುಚ್ಚಿ, ಅದೇ ಲೆಕ್ಕಕ್ಕೆ ನೂರಾರು ಕತ್ತರಿಸುವುದು. ಟೇಪು ಹಿಡಿದು ನೋಡಿ ಎಂದರೆ ಅವರಿಗೆ ಅವಮಾನ. 'ನಮ್ಮಮ್ಮನ ಮೈಯೇ ನನ್ನ ಟೇಪು, ಇಪ್ಪತ್ತು ವರ್ಷದಿಂದ ಒಂದು ಬೆರಳು ಆಚೀಚೆ ಆಗಿಲ್ಲ' ಎಂದು ಬಂದ ಗಿರಾಕಿಗಳಿಗೆಲ್ಲ ನನ್ನನ್ನು ತೋರಿಸಿ ಹೇಳುತ್ತಿದ್ದರು. ನಮ್ಮಮ್ಮ ಎಂದರೆ ನಾನು; ಅವರು ನನಗಿಂತ ಎಂಟು ವರ್ಷ ದೊಡ್ಡವರು. ಆಪರೇಷನ್ ಆಗಿ ಆರು ವಾರಕ್ಕೆ ಕೆಲಸಕ್ಕೆ ಹೋದೆ. ಆರ್ಡರ್ ಬಂತು, ನಿಂತೆ. ಮುಂದಿನ ತಿಂಗಳು ಇನ್ನೊಂದು, ನಿಂತೆ. ಅದರ ಮುಂದಿನ ತಿಂಗಳೂ ನಿಂತೆ. ಮಾಸ್ಟರು ಎಂದಿನಂತೆ ಬಾಯಲ್ಲಿ ಪಿನ್ನು ಕಚ್ಚಿಕೊಂಡು, ಎಂದಿನಂತೆ ಸೊಂಟದ ಹತ್ತಿರ ಹಿಡಿದು ಒಳಗೆ ಮಡಚಿ ಚುಚ್ಚಿ, 'ಭೇಷ್' ಅಂದರು. ನಾನು ದಿನದಿನಕ್ಕೆ ಇಳಿಯುತ್ತಿದ್ದೇನೆ ಎಂದು ಅವರ ಕಣ್ಣಿಗೆ ಕಂಡಿತ್ತು, ಚಹಾ ಕುಡಿಯುವಾಗ 'ಏನಮ್ಮ, ಅರ್ಧ ಆಗಿದೀರಿ' ಎಂದು ಹೇಳುತ್ತಲೂ ಇದ್ದರು. ಆದರೆ ಪಿನ್ನು ಚುಚ್ಚುವ ಕೈಗೆ ಆ ಸುದ್ದಿ ತಲುಪಿರಲಿಲ್ಲ. ಅಲ್ಲಿ ನಿಂತ ನನ್ನ ಬುದ್ಧಿಗೂ ಹೊಳೆಯಲಿಲ್ಲ ಎನ್ನು. ಅಳತೆಗೆ ನಿಂತಾಗ ನಾನು ಯಾವಾಗಲೂ ಬೇರೇನನ್ನೋ ಯೋಚಿಸುತ್ತಿರುತ್ತೇನೆ.

ಆ ಮೂರನೇ ಆರ್ಡರು ನನ್ನ ಹೊಟ್ಟೆ ಕೊಯ್ದ ಆಸ್ಪತ್ರೆಯದೇ. ವಾರ್ಡಿನ ಆಯಾಗಳು, ಅಡುಗೆಯವರು, ಗೇಟಿನವರು, ಎಲ್ಲರಿಗೂ ಹೊಸ ಕೋಟು. ತೆಳ್ಳಗಿನವರಿಗೆ ಸರಿಯಾಯಿತು. ದಪ್ಪಗಿದ್ದವರು ಅತಿ ದೊಡ್ಡ ಸೈಜು ಹಾಕಿಕೊಂಡು ನೋಡಿದರೆ ಗುಂಡಿಗೂ ಕಾಜಾಕ್ಕೂ ನಡುವೆ ಒಂದು ಗೇಣು. ಬಟ್ಟೆ ಚಿಕ್ಕದಿರಬಹುದು ಎಂದು ಯಾರಿಗಾದರೂ ಹೊಳೆಯಬೇಕೋ ಬೇಡವೋ? ಇಲ್ಲ. ಬಟ್ಟೆಯ ಮೇಲೆ ಅತಿ ದೊಡ್ಡದು ಎಂದು ಚೀಟಿ ಇದೆಯಲ್ಲ, ಆದ್ದರಿಂದ ಜನವೇ ಊದಿದ್ದಾರೆ ಎಂದು ಓದಿದವರೆಲ್ಲ ಕೂತು ತೀರ್ಮಾನ ಮಾಡಿದರು. ಆಹಾರದ ಮೇಡಂಗೆ ಇನ್ನೇನು ಬೇಕು! ಆಯಾಗಳನ್ನೆಲ್ಲ ಸಾಲಾಗಿ ನಿಲ್ಲಿಸಿ, ಬೊಜ್ಜಿನ ಅಪಾಯದ ಬಗ್ಗೆ ಒಂದು ಗಂಟೆ ಭಾಷಣ ಬಿಗಿದು, ಕ್ಯಾಂಟೀನಿನಲ್ಲಿ ಅವರಿಗೆ ಬಿಸ್ಕತ್ತು ನಿಲ್ಲಿಸಿಬಿಟ್ಟರಂತೆ. ನಾನು ತಪಾಸಣೆಗೆ ಹೋದಾಗ ನನ್ನನ್ನು ನಡೆಸಿದ ಆಯಾ ಕೋಟಿನ ಮುಂಭಾಗಕ್ಕೆ ದೊಡ್ಡ ಪಿನ್ನು ಹಾಕಿಕೊಂಡು, ಮುಖ ಬಾಡಿಸಿಕೊಂಡು, 'ನಾನು ಏನೂ ಜಾಸ್ತಿ ತಿಂದಿಲ್ಲ ಅಕ್ಕ, ಹೇಗೆ ಊದಿದೆನೋ' ಎಂದು ಗೋಳಾಡಿದಳು. ನಾನೂ ಪಾಪ ಎಂದು ಸಮಾಧಾನ ಹೇಳಿ ಬಂದೆನಲ್ಲ! ಕೊನೆಗೆ ಆಸ್ಪತ್ರೆಯವರು ಇನ್ನೂ ದೊಡ್ಡ ಸೈಜು ಬೇಕೆಂದು ಕೋಟುಗಳ ಗಂಟನ್ನು ವಾಪಸ್ಸು ಕಳಿಸಿದರು. ಅದರ ಜೊತೆಗೆ ಗುಂಡಿ ಕಿತ್ತುಬಂದ, ಹೋದ ವರ್ಷದ ಒಂದು ಕೋಟೂ ಸೇರಿಕೊಂಡು ಬಂದಿತ್ತು. ಮೇಜಿನ ಮೇಲೆ ಹರಡಿದಾಗ ಹೊಸದು ಹಳೆಯದರ ಒಳಗೆ ತಾಯಿಯ ಮಡಿಲಲ್ಲಿ ಮಗು ಮಲಗಿದ ಹಾಗೆ ಮಲಗಿತು. ಎರಡಕ್ಕೂ ಒಂದೇ ಚೀಟಿ. ಮಾಸ್ಟರು ಕೋಟನ್ನು ನೋಡಿದರು, ನನ್ನನ್ನು ನೋಡಿದರು, ಬಾಯಿಂದ ಪಿನ್ನೆಲ್ಲ ನೆಲಕ್ಕೆ ಬಿತ್ತು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಉಳಿದಿರುವ ಹೊಟ್ಟೆಗೆ ಅಷ್ಟು ನಗು ಹೆಚ್ಚಾಯಿತು.

ಇಷ್ಟಾದ ಮೇಲಾದರೂ ಟೇಪು ಹಿಡಿದರೇ? ನನ್ನ ಹತ್ತಿರ ಬಂದು, ದಮ್ಮಯ್ಯ ಎನ್ನುವ ದನಿಯಲ್ಲಿ, 'ಮತ್ತೆ ಸ್ವಲ್ಪ ತುಂಬಿಕೊಳ್ಳೋಕೆ ಆಗಲ್ವೇನಮ್ಮ?' ಎಂದು ಕೇಳಿದರು. ಈ ಜನಕ್ಕೆ ಏನು ಹೇಳುತ್ತೀ? ಆಮೇಲೆ ನನ್ನ ಹಳೆಯ ಕೋಟಿನೊಳಗೆ ಕತ್ತರಿಸಿ ಉಳಿದ ಚಿಂದಿಯನ್ನೆಲ್ಲ ತುಂಬಿ, ಕೋಲಿಗೆ ಸಿಕ್ಕಿಸಿ ಮೂಲೆಯಲ್ಲಿ ನಿಲ್ಲಿಸಿದರು. ತಲೆಯಿಲ್ಲ, ಕೈಯಿಲ್ಲ, ಉಳಿದದ್ದೆಲ್ಲ ನಾನೇ. ಕಾರ್ಖಾನೆಯ ಹುಡುಗಿಯರು ಅದಕ್ಕೆ ದೊಡ್ಡಕ್ಕ ಎಂದು ಹೆಸರಿಟ್ಟಿದ್ದಾರೆ, ನಾನು ಚಿಕ್ಕಕ್ಕ. ಒಂದು ದಿನ ಮಾಸ್ಟರು ಮಾತಾಡುತ್ತ ಮಾತಾಡುತ್ತ ಅದರ ಎದೆಗೆ ಪಿನ್ನುಗಳನ್ನು ಚುಚ್ಚಿ ಚುಚ್ಚಿ ಇಡುತ್ತಿದ್ದರು, ಕೈಗೆ ಸಿಗಲಿ ಎಂದು. ನನಗೆ ಪಿತ್ತ ನೆತ್ತಿಗೇರಿತು. ಎಲ್ಲರೆದುರು ಅವರ ಕೈಯಿಂದ ಪಿನ್ನಿನ ಡಬ್ಬಿ ಕಿತ್ತುಕೊಂಡು ಬೈದೆ. ಆ ಮೈ ನಮ್ಮನ್ನು ಸಾಕಿದ ಮೈ. ಅಪ್ಪ ಅಮ್ಮ ಹೋದ ಮೇಲೆ ನಿನ್ನ ಶಾಲೆಯ ಬೂಟಿನಿಂದ ಹಿಡಿದು ನಿನ್ನ ಡ್ರೈವಿಂಗ್ ಲೈಸೆನ್ಸಿನವರೆಗೆ ಅದೇ ನಿಂತು ದುಡಿದದ್ದು. ಅದನ್ನು ನೋಡಿ ಬಸ್ಸಿನಲ್ಲಿ ಮೂಗು ಮುರಿದವರು, ಎರಡು ಟಿಕೆಟ್ ತಗೋ ಎಂದವರು, ಈಗ 'ಎಷ್ಟು ಚೆನ್ನಾಗಾದಿರಿ' ಎಂದು ಬೆನ್ನು ತಟ್ಟಲು ಬರುತ್ತಾರೆ. ಮೊದಲು ನಾನು ಏನಾಗಿದ್ದೆ ನಿಮ್ಮ ಕಣ್ಣಿಗೆ ಎಂದು ಕೇಳಿದರೆ ಬಸ್ಸು ಬಂತು ಎಂದು ಓಡುತ್ತಾರೆ. ಎದುರುಮನೆಯವಳಂತೂ ಮೂವತ್ತು ಕೆಜಿ ಇಳಿದದ್ದಕ್ಕೆ ಮೆಚ್ಚುಗೆ ಹೇಳಿ, ಅದೇ ಉಸಿರಿಗೆ, 'ನೀವು ಬಿಡಿ, ಸುಲಭದ ದಾರಿ ಹಿಡಿದ್ರಿ' ಎಂದು ಮೂತಿ ತಿರುಗಿಸಿದಳು. ಸುಲಭ! ಅವಳಿಗೆ ಆ ಮಾವಿನಹಣ್ಣಿನ ಡಬ್ಬಿಯ ಪುಡಿಯನ್ನು ಒಂದು ತಿಂಗಳು ಕುಡಿಸಬೇಕು.

ನನಗೆ ನಿಜವಾಗಿ ಕಳೆದುಹೋಗಿರುವುದು ಕೂದಲಲ್ಲ, ಜೊತೆಯಲ್ಲಿ ಕೂತು ಉಣ್ಣುವುದು. ನೀನೂ ನಾನೂ ಕೂತರೆ ಪಾತ್ರೆ ಖಾಲಿಯಾಗುವವರೆಗೆ ಏಳುತ್ತಿರಲಿಲ್ಲ, ನಗುತ್ತಾ ಬಡಿದಾಡುತ್ತಾ ತಳ ಕೆರೆಯುತ್ತಿದ್ದೆವು. ಈಗ ಒಂದು ಸಣ್ಣ ಬಟ್ಟಲು, ಅದಕ್ಕೆ ಅರ್ಧ ಗಂಟೆ. ಉಳಿದದ್ದನ್ನು ಚೆಲ್ಲಲು ಮನಸ್ಸು ಬಾರದೆ ನಿನ್ನ ಭಾವ ತಿನ್ನುತ್ತಾರೆ. ಅವರಿಗೆ ಈಗ ಒಂದು ಗುಂಡನೆಯ ಹೊಟ್ಟೆ ಬಂದಿದೆ, ಅದರ ಮೇಲೆ ಗಡಿಯಾರ ಇಟ್ಟುಕೊಂಡು ರಿಪೇರಿ ಮಾಡಬಹುದು. ನನಗೆ ಆ ಹಳೆಯ ಊಟ ನೆನಪಾದಾಗ ದುಃಖವಾಗುತ್ತದೆ, ಇಲ್ಲ ಎನ್ನುವುದಿಲ್ಲ. ಆದರೆ ತಮ್ಮಾ, ನಿಮ್ಮ ಮಂಚದಲ್ಲಿ ಹೆಂಡತಿಯ ಪಕ್ಕ ನೀನು ಬೆಳಿಗ್ಗೆ ತಣ್ಣಗೆ ಬಿದ್ದಿರುವುದನ್ನು ನೆನೆದರೆ ಆಗುವುದು ದುಃಖವಲ್ಲ, ಹೊಲಿಯುತ್ತಿದ್ದ ಕಾಜಾವನ್ನು ಅಲ್ಲೇ ಬಿಟ್ಟು ಎದ್ದುಬಿಡುತ್ತೇನೆ. ನಿನ್ನನ್ನು ಕಂಡರೆ ನನಗೆ ತಿರಸ್ಕಾರ ಬರುವುದು ನೀನು ದಪ್ಪಗಿದ್ದೀಯ ಎಂದಲ್ಲ. ಹೆದರಿ ಸಾಯುತ್ತಿದ್ದೀ, ಅದನ್ನು ತಮಾಷೆ ಎಂದು ಎಲ್ಲರಿಗೂ ಹಂಚುತ್ತಿದ್ದೀ. ಹೆದರಿಕೆ ಇದ್ದರೆ ಹೆದರಿಕೆ ಎನ್ನು. ನಾನೂ ಹೆದರಿದೆ ಎಂದು ಮೇಲೆ ಬರೆದಿದ್ದೇನಲ್ಲ, ನನ್ನ ಮರ್ಯಾದೆ ಏನು ಸವೆದುಹೋಯಿತು?

ಕೈ ನೋಯುತ್ತಿದೆ, ಇಲ್ಲಿಗೆ ನಿಲ್ಲಿಸುತ್ತೇನೆ. ನಿನ್ನ ಹೆಂಡತಿಗೆ ನೂರು ಆಶೀರ್ವಾದ, ಮಕ್ಕಳಿಗೆ ಇನ್ನೂ ನೂರು. ಉಳಿದದ್ದರಲ್ಲಿ ನಿನಗೂ ಒಂದು ತಗೋ, ಚೆನ್ನಾಗಿರು.

ಬೈದರೂ ನಿನ್ನವಳೇ ಆದ,
ಅಕ್ಕ

ವಿ.ಸೂ.: ನಿನ್ನ ಭಾವ ಕಾಗದ ಅಂಚೆಗೆ ಹಾಕಲು ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾರೆ, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಮುಂದಿನ ತಿಂಗಳ ಮೊದಲ ಗುರುವಾರ ಬೆಳಿಗ್ಗೆ ಹೊಟ್ಟೆ ಡಾಕ್ಟರ ಹತ್ತಿರ ನಿನ್ನ ಹೆಸರಿಗೆ ಸಮಯ ತೆಗೆದಿಟ್ಟಿದ್ದೇನೆ. ಹಿಂದಿನ ದಿನವೇ ಬಂದು ನಮ್ಮಲ್ಲಿ ಇಳಿದುಕೋ. ಹೋದ ವರ್ಷ ನಾನು ನಿಮ್ಮ ಮನೆಗೆ ಬಂದಿದ್ದಾಗ ನಿನ್ನ ಹೆಂಡತಿ ಅತ್ತು, ಆಪರೇಷನ್ ಮಾಡಿಸಿಕೊಳ್ಳಿ ಎಂದು ನಿನ್ನ ಕೈ ಹಿಡಿದುಕೊಂಡಳಲ್ಲ. ನೀನು ನನ್ನ ಕಡೆ ಬೆರಳು ತೋರಿಸಿ, 'ನಮ್ಮಕ್ಕ ನನ್ನಷ್ಟೇ ಇದಾಳೆ. ಮೊದಲು ಅವಳು ಮಾಡಿಸ್ಕೊಂಡು ಬದುಕಿ ಬರಲಿ, ಆಮೇಲೆ ನಾನೂ ಹೋಗ್ತೀನಿ' ಅಂದೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಬಸ್ಸಿಳಿದು ಮನೆಗೆ ಬಂದವಳೇ ಆ ಡಾಕ್ಟರಿಗೆ ಫೋನು ಮಾಡಿದೆ. ಬದುಕಿ ಬಂದಿದ್ದೇನೆ ಕಣೋ. ಹೊರಡು.